ನೂರು ವರ್ಷದ ಹಲಗೆ, ಆರು ತಿಂಗಳಿಗೆ ಬಿರುಕು: ಒಂದು ಊಟದ ಟೇಬಲ್‌ನ ಪ್ರಕರಣ

ಶಿವರಾತ್ರಿ ಕಳೆದ ನಾಲ್ಕನೇ ದಿನ ಬೆಳಗ್ಗೆ ಕಡೂರಿನಿಂದ ಮೇಷ್ಟ್ರ ಫೋನ್ ಬಂತು.

"ಆಚಾರ್ರೆ, ನಿನ್ನೆ ರಾತ್ರಿ ನಿಮ್ಮ ಟೇಬಲ್ ಪಟಾಕಿ ಹೊಡೆದಂಗೆ ಸದ್ದು ಮಾಡ್ತು. ಕಳ್ಳ ಏನೋ ಬೀಳಿಸಿದ ಅಂತ ಎದ್ದು ಬಂದ್ವಿ. ಲೈಟ್ ಹಾಕಿ ನೋಡಿದ್ರೆ ಹಲಗೆ ಸೀಳಿದೆ."

ದುಡ್ಡು ವಾಪಸ್ ಕೊಡಿ ಅಂತ ಅವರು ಕೇಳಲಿಲ್ಲ. ಬೈಯಲೂ ಇಲ್ಲ. "ಒಂದ್ಸಲ ಬಂದು ನೋಡಿ" ಅಂದರು, ಅಷ್ಟೇ. ಬೈದಿದ್ದರೆ ನಾನೂ ಎದುರು ಏನಾದರೂ ಹೇಳಿ ಹಗುರಾಗುತ್ತಿದ್ದೆ.

ನನ್ನದು ಮೂಡಿಗೆರೆಯಲ್ಲಿ ಸಣ್ಣ ಮರಗೆಲಸದ ಶೆಡ್. ನಾನು, ಜೊತೆಗೆ ಇಬ್ಬರು ಹುಡುಗರು. ಬಾಗಿಲು, ಕಿಟಕಿ, ಮಂಚ ಅಪ್ಪನ ಕಾಲದಿಂದ ಬಂದ ಕೆಲಸ. ಊಟದ ಟೇಬಲ್, ಸೋಫಾ, ಪುಸ್ತಕದ ಕಪಾಟು ನಾನು ಸೇರಿಸಿಕೊಂಡದ್ದು. ಈಗ ಮಲೆನಾಡಿನಲ್ಲಿ ಹಳೇ ಮನೆ ಬಿಚ್ಚಿಸಿ, ಆ ಮರದಲ್ಲಿ ಫರ್ನಿಚರ್ ಮಾಡಿಸುವವರು ಜಾಸ್ತಿ. ನನಗೆ ಬರುವ ಕೆಲಸದಲ್ಲಿ ಅರ್ಧ ಅದೇ. ಹಾಗಾಗಿ ಈ ಟೇಬಲ್ ಕಥೆಯನ್ನು ಪೂರ್ತಿ ಬರೆದಿಡುತ್ತಿದ್ದೇನೆ, ನಾನು ಮಾಡಿದ ತಪ್ಪು ಸಮೇತ.

ಅಟ್ಟದ ಹಲಗೆಗಳು

ಮೇಷ್ಟ್ರ ಮೂಲ ಮನೆ ಬಣಕಲ್ ಕಡೆ. ಅಣ್ಣತಮ್ಮಂದಿರ ಹಿಸ್ಸೆ ಆಗಿ ಹಳೇ ಮನೆ ಬಿಚ್ಚಿದರು. ಹೆಂಚು ಒಬ್ಬರಿಗೆ, ತೊಲೆ ಕಂಬ ಇನ್ನೊಬ್ಬರಿಗೆ ಹೋಯಿತು. ಮೇಷ್ಟ್ರ ಪಾಲಿಗೆ ದೇವರಮನೆ ಬಾಗಿಲು ಮತ್ತು ಅಡುಗೆಮನೆ ಮೇಲಿನ ಅಟ್ಟದ ಹಲಗೆ ಬಂತು. ಬಾಗಿಲನ್ನು ಅವರು ಕಡೂರಿನ ಹೊಸ ಮನೆಗೆ ಮೊದಲೇ ಹಾಕಿಸಿಕೊಂಡಿದ್ದರು. ಹಲಗೆಗಳನ್ನು ಜೂನ್ ಮೊದಲ ವಾರ ಪಿಕಪ್‌ನಲ್ಲಿ ನನ್ನ ಶೆಡ್ಡಿಗೆ ತಂದು ಇಳಿಸಿದರು. ಒಟ್ಟು 14.

ನೋಡುವುದಕ್ಕೆ ಇದ್ದಿಲಿನ ಹಾಗಿದ್ದವು. ಮೂರು ತಲೆಮಾರಿನ ಒಲೆ ಹೊಗೆ ಮೇಲೆ ಕೂತು ಟಾರಿನಂತೆ ಗಟ್ಟಿಯಾಗಿತ್ತು. ಒಂದು ಹಲಗೆಯನ್ನು ಬೆಂಚಿನ ಮೇಲೆ ಹಾಕಿ ಕೀಸುಳಿ ಓಡಿಸಿದೆ. ಮೊದಲ ಎಳೆತಕ್ಕೆ ಕರಿ ಪುಡಿ ಬಂತು, ಎರಡನೆಯದಕ್ಕೂ ಅದೇ. ಮೂರನೆಯದಕ್ಕೆ ಉದ್ದಕ್ಕೂ ಸುರುಳಿ ಎದ್ದಿತು, ಜೇನಿನ ಬಣ್ಣ, ಹಳೇ ಚಪ್ಪಲಿ ಅಂಗಡಿಯ ವಾಸನೆ. ತೇಗ. ನಮ್ಮ ಕಡೆ ಸಾಗುವಾನಿ ಅನ್ನುತ್ತೇವೆ. ಇಷ್ಟು ವರ್ಷವಾದರೂ ಎಣ್ಣೆಯಂಶ ಇನ್ನೂ ಕೈಗೆ ಅಂಟುತ್ತಿತ್ತು. ಹುಡುಗರಿಬ್ಬರೂ ಆ ಸುರುಳಿ ಎತ್ತಿ ಮೂಸಿ ನೋಡಿದರು.

ಕೈಯಲ್ಲಿ ಬಡಿದ ಚೌಕ ಮೊಳೆಗಳಿದ್ದವು. ಆಯಸ್ಕಾಂತ ಆಡಿಸಿ ಹುಡುಕಿ ಒಂದೊಂದಾಗಿ ತೆಗೆದೆವು. ಮೊಳೆ ಇದ್ದ ಕಡೆ ಮರ ಕಪ್ಪಗಾಗಿತ್ತು, ಅದನ್ನು ಹಾಗೇ ಬಿಡಿ ಅಂದರು ಮೇಷ್ಟ್ರು. ಒಂದು ಹಲಗೆಯ ಹಿಂಬದಿಯಲ್ಲಿ ಕತ್ತಿ ತುದಿಯಿಂದ ಕೊರೆದ ಗೆರೆಗಳಿದ್ದವು. ನಾಲ್ಕು ನಿಂತ ಗೆರೆ, ಮೇಲೊಂದು ಅಡ್ಡ. ಹೀಗೆ ಹನ್ನೊಂದು ಗುಂಪು. ಭತ್ತದ ಮೂಟೆ ಲೆಕ್ಕ ಇರಬೇಕು, ಅವರ ಅಜ್ಜನದು. ಅದನ್ನು ಕೆಳಬದಿಗೆ ಬರುವಂತೆ ಜೋಡಿಸಲು ಹೇಳಿದರು. "ಊಟ ಮಾಡುವಾಗ ಕೈ ಹಾಕಿ ಮುಟ್ಟಿದ್ರೆ ಸಿಗಬೇಕು" ಅಂದರು. ಗಿರಾಕಿ ಹೀಗೆ ಹೇಳಿದಾಗ ಕೆಲಸಕ್ಕೆ ಒಂದು ಹುರುಪು ಬರುತ್ತೆ.

ಮಾಡಿದ ರೀತಿ

7 ಅಡಿ ಉದ್ದ, ಮೂರೂವರೆ ಅಡಿ ಅಗಲ. ಆರು ಹಲಗೆ ಪಕ್ಕಪಕ್ಕ ಅಂಟಿಸಿ ಮೇಲ್ಮೈ. ಮೇಷ್ಟ್ರ ಮಗಳು ಮೊಬೈಲ್‌ನಲ್ಲಿ ಒಂದು ಫೋಟೋ ಕಳಿಸಿದ್ದಳು. ಅದರಲ್ಲಿ ಟೇಬಲ್‌ನ ಎರಡು ತುದಿಗೂ ಮೂರಿಂಚು ಅಗಲದ ಅಡ್ಡ ಹಲಗೆ ಇತ್ತು. ಉದ್ದ ಹಲಗೆಗಳ ಕೊಯ್ದ ತುದಿ ಕಾಣದೆ ಚೆಂದವಾಗಿತ್ತು. ಅಂಥದ್ದೇ ಬೇಕು ಅಂದಳು. ನಾನೂ ಒಪ್ಪಿದೆ. ಫೋಟೋದಲ್ಲಿ ಹೊರಗಿನ ಆಕಾರ ಕಾಣುತ್ತೆ, ಒಳಗೆ ಏನು ಕೂಡಿಸಿದ್ದಾರೆ ಅಂತ ಕಾಣಲ್ಲ, ಅಲ್ವಾ? ನಾನು ನನಗೆ ಗೊತ್ತಿದ್ದ ಹಾಗೆ ಮಾಡಿದೆ. ಉದ್ದಕ್ಕೂ ಡೌಲ್, ಅಂದರೆ ಎರಡು ಹಲಗೆಯನ್ನು ಒಳಗಿನಿಂದ ಕೂಡಿಸುವ ಮರದ ಗೂಟ, ಹಾಕಿ, ಪೂರ್ತಿ ಅಂಟು ಬಳಿದು, ಕ್ಲ್ಯಾಂಪ್ ಬಿಗಿದು ರಾತ್ರಿಯಿಡೀ ಬಿಟ್ಟೆ. ಕೆಳಗಿನ ಚೌಕಟ್ಟಿಗೆ ಮೇಲ್ಮೈಯನ್ನು 12 ಸ್ಕ್ರೂ ಹೊಡೆದು ಭದ್ರ ಮಾಡಿದೆ. ಅಲ್ಲಾಡಬಾರದು ಅನ್ನುವುದೊಂದೇ ತಲೆಯಲ್ಲಿ ಇದ್ದದ್ದು.

ಕಾಲ ಯಾವುದು ಅಂದರೆ ಪುನರ್ವಸು ಮಳೆಯಲ್ಲಿ ಶುರು, ಆಶ್ಲೇಷ ಮಳೆಗೆ ಪಾಲಿಶ್. ಮೂಡಿಗೆರೆಯ ಆ ಒಂದೂವರೆ ತಿಂಗಳು ಹೇಗಿರುತ್ತೆ ಅಂತ ಇಲ್ಲಿನವರಿಗೆ ಹೇಳಬೇಕಿಲ್ಲ. ಒಗೆದ ಬಟ್ಟೆ ಒಲೆ ಮೇಲೆ ಕಟ್ಟಬೇಕು. ಬೆಂಕಿಪೆಟ್ಟಿಗೆ ಹತ್ತಲ್ಲ. ನನ್ನ ಶೆಡ್ಡಿಗೆ ಮೂರೇ ಗೋಡೆ, ಮೇಲೆ ತಗಡಿನ ಶೀಟು. ಜೂನ್‌ನಿಂದ ಹಲಗೆಗಳು ಗೋಡೆಗೆ ಒರಗಿ ಅಲ್ಲೇ ನಿಂತಿದ್ದವು.

ಹಸಿ ಮರ ಆಗಿದ್ದರೆ ನಾನು ಹೀಗೆ ಮಾಡುತ್ತಿರಲಿಲ್ಲ. ಕೊಯ್ಸಿ ತಂದ ಹೊಸ ಹಲಗೆಯನ್ನು ನಡುವೆ ರೀಪು ಇಟ್ಟು ಪೇರಿಸಿ ವರ್ಷಗಟ್ಟಲೆ ಒಣಗಿಸುವುದು ನನಗೂ ಗೊತ್ತು. ಆದರೆ ಇದು ನೂರು ವರ್ಷ ಒಲೆ ಮೇಲೆ ಕೂತು ಒಣಗಿದ ಮರ. ಇದು ಇನ್ನೆಲ್ಲಿ ಅಲುಗಾಡುತ್ತೆ ಅಂದುಕೊಂಡೆ. ಇಡೀ ಪ್ರಕರಣದ ಬೇರು ಈ ಒಂದು ಮಾತಿನಲ್ಲಿದೆ.

ಗೌರಿ ಹಬ್ಬಕ್ಕೆ ಎರಡು ದಿನ ಮುಂಚೆ ಕಡೂರಿಗೆ ತಲುಪಿಸಿದೆವು. ಹಬ್ಬದ ಊಟದ ಫೋಟೋ ಕಳಿಸಿದರು. ಬಾಳೆ ಎಲೆ ಪಕ್ಕದಲ್ಲಿ ತೇಗದ ಗೆರೆ ಹೊಳೆಯುತ್ತಿತ್ತು. ಆ ಫೋಟೋ ತೋರಿಸಿ ಇನ್ನೆರಡು ಆರ್ಡರ್ ಹಿಡಿದೆ ಅನ್ನುವುದನ್ನೂ ಹೇಳಿಬಿಡುತ್ತೇನೆ.

ಕಡೂರಿನಲ್ಲಿ ಕಂಡದ್ದು

ಮೂಡಿಗೆರೆಯಿಂದ ಕಡೂರಿಗೆ 70 ಕಿಲೋಮೀಟರ್ ಆಸುಪಾಸು. ಒಂದೇ ಜಿಲ್ಲೆ. ಆದರೆ ಚಿಕ್ಕಮಗಳೂರು ದಾಟಿ ಸಖರಾಯಪಟ್ಟಣದ ಕಡೆ ಇಳಿಯುತ್ತಿದ್ದ ಹಾಗೆ ಕಾಫಿ ಗಿಡ ಮುಗಿದು ತೆಂಗು, ರಾಗಿ ಹೊಲ ಶುರುವಾಗುತ್ತೆ. ತುಟಿ ಒಣಗುತ್ತೆ. ಫೆಬ್ರವರಿ, ಮಾರ್ಚ್‌ನಲ್ಲಂತೂ ಗಾಳಿ ಹಪ್ಪಳ ಸುಟ್ಟಂತೆ ಇರುತ್ತೆ. ಮೇಷ್ಟ್ರ ಮನೆಯ ಊಟದ ಕೋಣೆಗೆ ಪಡುವಣ ಬಿಸಿಲು ಬೇರೆ.

ಹೋಗುವಾಗ ದಾರಿಯಲ್ಲೇ ಕಾರಣ ಯೋಚಿಸಿಟ್ಟುಕೊಂಡಿದ್ದೆ. ಮೊಳೆ ತೆಗೆದ ಕಡೆ ಒಳಗೆ ಹಳೇ ಸೀಳು ಇದ್ದಿರಬೇಕು, ಅದು ಈಗ ಬಾಯಿ ಬಿಟ್ಟಿದೆ. ಅಥವಾ ಮಳೆಯಲ್ಲಿ ಅಂಟು ಸರಿಯಾಗಿ ಹಿಡಿದಿಲ್ಲ. ಇವೆರಡರಲ್ಲಿ ಯಾವುದಾದರೂ ತಪ್ಪು ಅರ್ಧ ನನ್ನದು, ಅರ್ಧ ನನ್ನದಲ್ಲ. ಮನಸ್ಸು ಹೇಗೆ ಕೆಲಸ ಮಾಡುತ್ತೆ ನೋಡಿ.

ಪಕ್ಕದ ಬೀದಿಯ ಒಬ್ಬ ಮರಗೆಲಸದವರನ್ನೂ ಮೇಷ್ಟ್ರು ಕರೆಸಿದ್ದರು. ಅವರು ಆಗಲೇ ನೋಡಿ, "ಅಂಟಿಗೆ ಹೊಟ್ಟು ಕಲಸಿ ತುಂಬಿ ಪಾಲಿಶ್ ಹೊಡೆದರೆ ಗೊತ್ತೇ ಆಗಲ್ಲ" ಅಂದಿದ್ದರಂತೆ. ಮೇಷ್ಟ್ರು ನನ್ನನ್ನು ಕೇಳದೆ ಮುಟ್ಟಿಸಿರಲಿಲ್ಲ. ಪುಣ್ಯಕ್ಕೆ.

ಬಿರುಕು ಎರಡು ಹಲಗೆಯಲ್ಲಿ. ಎರಡೂ ಬಲತುದಿಯಿಂದಲೂ ಒಳಗೆ ಸೀಳಿದ್ದವು, ಎಡತುದಿಯಿಂದಲೂ. ಪ್ರತಿ ತುದಿಯಲ್ಲೂ ಒಂದು 4 ಮಿಲಿಮೀಟರ್ ಬಾಯಿ ಬಿಟ್ಟಿತ್ತು, ಇನ್ನೊಂದು 3. ಒಳಕ್ಕೆ ಹೋಗುತ್ತಾ ಸಣ್ಣಗಾಗಿ ಎರಡೂವರೆ ಅಡಿಯ ಹೊತ್ತಿಗೆ ಮಾಯ. ನಡುಭಾಗ ಸಾಪಾಟಾಗಿತ್ತು. ಬೆರಳಿಟ್ಟು ನೋಡಿದೆ. ಅಂಟಿಸಿದ ಸಾಲು ಒಂದೂ ಬಿಟ್ಟಿರಲಿಲ್ಲ, ಅದರ ಪಕ್ಕದಲ್ಲಿ ಮರವೇ ಸೀಳಿತ್ತು. ಅಂಟಿನ ಮೇಲಿನ ಅನುಮಾನ ಅಲ್ಲಿಗೆ ಮುಗಿಯಿತು. ಸೀಳಿದ ಎರಡು ಹಲಗೆಗಳಲ್ಲೂ ಆ ಜಾಗದಲ್ಲಿ ಮೊಳೆ ಗುರುತು ಇರಲಿಲ್ಲ. ಎರಡನೇ ನೆಪವೂ ಹೋಯಿತು.

ಆಮೇಲೆ ಮೂಲೆಗೆ ಕೈ ಹೋಯಿತು. ತುದಿಯ ಅಡ್ಡ ಹಲಗೆ ಮೇಲ್ಮೈಗಿಂತ ಹೊರಗೆ ಚಾಚಿಕೊಂಡಿತ್ತು. ಎರಡು ಮಿಲಿಮೀಟರ್ ಇರಬಹುದು, ಉಗುರು ಸಿಕ್ಕುತ್ತಿತ್ತು. ಕೊಡುವಾಗ ನಾನೇ ಕಾಗದ ಉಜ್ಜಿ ಸಮ ಮಾಡಿದ ಜಾಗ ಅದು. ನಾಲ್ಕು ಮೂಲೆಯಲ್ಲೂ ಹಾಗೇ. ಟೇಪ್ ತೆಗೆದೆ. ಅಡ್ಡ ಹಲಗೆಯ ಉದ್ದ 1067 ಮಿಲಿಮೀಟರ್, ಮಾಡಿದಾಗ ಎಷ್ಟಿತ್ತೋ ಅಷ್ಟೇ. ಟೇಬಲ್‌ನ ನಡುಮಧ್ಯದ ಅಗಲ 1056. ಆರು ತಿಂಗಳಲ್ಲಿ ಟೇಬಲ್ 11 ಮಿಲಿಮೀಟರ್ ಸಣ್ಣಗಾಗಿತ್ತು! ತುದಿಯಲ್ಲಿ ಲೆಕ್ಕ ಹಾಕಿದರೆ ಬಿರುಕುಗಳ 4 ಮತ್ತು 3, ಎರಡು ಮೂಲೆಯಲ್ಲಿ ಅಂಟು ಹರಿದು ಸರಿದ 2 ಮತ್ತು 2. ಕೂಡಿದರೆ ಅದೇ 11.

ಟೇಬಲ್ ಕೆಳಗೆ ಮಲಗಿ ಟಾರ್ಚ್ ಬಿಟ್ಟೆ. ಸ್ಕ್ರೂಗಳು ವಾಲಿದ್ದವು. ಮೇಲ್ಮೈ ಒಳಕ್ಕೆ ಎಳೆದದ್ದಕ್ಕೆ ಒಂದು ಕಾಲಿನ ಕಚ್ಚು, ಅಂದರೆ ಕಾಲು ಚೌಕಟ್ಟಿಗೆ ಸೇರುವ ಜಾಗ, ಸ್ವಲ್ಪ ಬಾಯಿ ಬಿಟ್ಟಿತ್ತು. ಅಜ್ಜನ ಭತ್ತದ ಲೆಕ್ಕ ಮೂಗಿನ ಮೇಲೇ ಇತ್ತು.

ಎದ್ದು ಕೂತಾಗ ಅಮ್ಮಾವ್ರು, ಅಂದರೆ ಮೇಷ್ಟ್ರ ಹೆಂಡತಿ, ಕಾಫಿ ತಂದರು. ಲೋಟ ಹಿಡಿದು ಗೋಡೆಗೆ ಒರಗಿದೆ. ಎದುರಿಗೆ ದೇವರಮನೆ ಬಾಗಿಲು. ಅದೇ ಬಣಕಲ್ ಮನೆಯದು, ಅದೇ ತೇಗ. ಚೌಕಟ್ಟಿನೊಳಗೆ ನಾಲ್ಕು ಪ್ಯಾನೆಲ್, ಪ್ರತಿಯೊಂದರಲ್ಲೂ ಕಮಲದ ಕೆತ್ತನೆ. ಹೊಸ ಮನೆಗೆ ಹಾಕಿಸುವಾಗ ಕಡು ಬಣ್ಣದ ಪಾಲಿಶ್ ಮಾಡಿಸಿದ್ದರು. ಪ್ಯಾನೆಲ್‌ನ ಎಡಬಲ ಅಂಚಿನಲ್ಲಿ, ಚೌಕಟ್ಟಿಗೆ ಸೇರುವ ಕಡೆ, ಪಾಲಿಶ್ ಕಾಣದ ಬಿಳಿಚು ಗೆರೆ ಇತ್ತು. ದಾರದಷ್ಟು ಅಗಲ, ಉದ್ದಕ್ಕೂ. ಮೇಲೆ ಕೆಳಗೆ ಇಲ್ಲ, ಎಡಬಲಕ್ಕೆ ಮಾತ್ರ.

ಹತ್ತಿರ ಹೋಗಿ ಪ್ಯಾನೆಲ್ ಮೇಲೆ ಅಂಗೈ ಇಟ್ಟು ತಳ್ಳಿದೆ. ಸಣ್ಣಗೆ ಕಟಕಟ ಅಂತು. ಸಡಿಲ. ಮಳೆಗಾಲದಲ್ಲಿ ಪಾಲಿಶ್ ಮಾಡಿದಾಗ ಚೌಕಟ್ಟಿನ ಗ್ರೂವ್ ಒಳಗೆ ಅಡಗಿದ್ದ ಅಂಚು, ಈಗ ಪ್ಯಾನೆಲ್ ಕುಗ್ಗಿ ಹೊರಗೆ ಇಣುಕುತ್ತಿತ್ತು. ನೂರು ವರ್ಷದ ಮರ ಆರಾಮಾಗಿ ಉಸಿರಾಡಿಕೊಂಡಿತ್ತು. ಒಂದು ಕೂದಲೆಳೆ ಬಿರುಕೂ ಇರಲಿಲ್ಲ. ನನ್ನ ಟೇಬಲ್‌ಗೂ ಆ ಬಾಗಿಲಿಗೂ ಆರು ಹೆಜ್ಜೆ ದೂರ.

ಅಪ್ಪ ಬಾಗಿಲು ಮಾಡುವಾಗ ಪ್ಯಾನೆಲ್‌ಗೆ ಅಂಟು ತಾಗಿಸಲು ಬಿಡುತ್ತಿರಲಿಲ್ಲ. ಒಂದು ಹನಿ ಬಿದ್ದರೂ ಒರೆಸು ಅನ್ನುತ್ತಿದ್ದರು. ನಾನು ಇವತ್ತಿಗೂ ಬಾಗಿಲು ಹಾಗೇ ಮಾಡುವುದು. ಆದರೆ ಯಾಕೆ ಅಂತ ಅವರನ್ನು ಒಂದು ದಿನವೂ ಕೇಳಿರಲಿಲ್ಲ. ಅಪ್ಪ ಊಟದ ಟೇಬಲ್ ಮಾಡಿದವರಲ್ಲ. ಆಗ ಎಲ್ಲರೂ ಮಣೆ ಮೇಲೆ ಕೂತು ಉಣ್ಣುತ್ತಿದ್ದರು. ಮಣೆ ಅಂದರೆ ಒಂದೇ ಹಲಗೆ, ಒಂದೂವರೆ ಅಡಿ. ಮೂರೂವರೆ ಅಡಿ ಅಗಲಕ್ಕೆ ಹಲಗೆ ಕೂಡಿಸುವ ಕೆಲಸವೇ ನಮ್ಮ ಮನೆಯಲ್ಲಿ ಇರಲಿಲ್ಲ. ಬಾಗಿಲಿಗೆ ಇದ್ದ ನಿಯಮ ಟೇಬಲ್‌ಗೆ ದಾಟಿ ಬರಲಿಲ್ಲ, ಯಾಕಂದ್ರೆ ನನಗೆ ನಿಯಮ ಗೊತ್ತಿತ್ತು, ಕಾರಣ ಗೊತ್ತಿರಲಿಲ್ಲ.

ಮರ ಯಾಕೆ ಹೀಗೆ

ಹೋದ ವರ್ಷದ ಹಪ್ಪಳ ಆದರೂ ಆಷಾಢದಲ್ಲಿ ಮೆತ್ತಗಾಗುತ್ತೆ. ಬಿಸಿಲಿಗಿಟ್ಟರೆ ಮತ್ತೆ ಗರಿಗರಿ. ಮರವೂ ಹಾಗೇ. ಹಸಿ ಮರ ಮೊದಲ ಸಲ ಒಣಗುವುದು ಬೇರೆ ವಿಷಯ. ಒಣಗಿದ ಮರ ಸುತ್ತಲ ಗಾಳಿಯಿಂದ ತೇವ ತೆಗೆದುಕೊಂಡು ಬಿಡುತ್ತಾ ಇರುವುದು ಬೇರೆ ವಿಷಯ. ಮೊದಲನೆಯದು ಒಂದೇ ಸಲ ಮುಗಿಯುತ್ತೆ. ಎರಡನೆಯದು ಮರ ಮರವಾಗಿ ಇರುವ ತನಕ ನಡೆಯುತ್ತಲೇ ಇರುತ್ತೆ. ಹಳೆಯದಾದರೆ ಸ್ವಲ್ಪ ನಿಧಾನ ಆಗಬಹುದು, ನಿಲ್ಲಲ್ಲ. ಮಳೆಗಾಲದಲ್ಲಿ ಬಚ್ಚಲುಮನೆ ಬಾಗಿಲು ಬಿಗಿಯುವುದು ಮನೆಮನೆಗೂ ಗೊತ್ತಿರುವ ವಿಷಯ. ನಾನೇ ಎಷ್ಟೋ ಬಾಗಿಲು ಹತ್ತರಿ ಹೊಡೆದು ಕೊಟ್ಟಿದ್ದೇನೆ. ಆದರೂ ಟೇಬಲ್ ಮಾಡುವಾಗ ನೆನಪಾಗಲಿಲ್ಲ.

ಬೆಂಗಳೂರಿನ ಮಲ್ಲೇಶ್ವರದಲ್ಲಿ ಮರದ ಬಗ್ಗೆಯೇ ಸಂಶೋಧನೆ ಮಾಡುವ ಕೇಂದ್ರ ಸಂಸ್ಥೆ ಇದೆ. 1938ರಲ್ಲಿ ಪ್ರಯೋಗಾಲಯವಾಗಿ ಶುರುವಾದದ್ದು. ಅಂಥ ಕಡೆಗಳಲ್ಲಿ ಈ ಏರಿಳಿತವನ್ನೆಲ್ಲ ಅಳೆದಿಟ್ಟಿರುತ್ತಾರೆ. ನಮ್ಮ ಕೆಲಸಕ್ಕೆ ಬೇಕಾದ ಲೆಕ್ಕ ಇಷ್ಟು. ಗಾಳಿಯ ತೇವ ನೂರಕ್ಕೆ 80 ಇದ್ದರೆ, ಅದರಲ್ಲಿ ಬಹಳ ದಿನ ಇದ್ದ ಮರದ ತೇವ ನೂರಕ್ಕೆ 16ರ ಹತ್ತಿರ ಬಂದು ನಿಲ್ಲುತ್ತೆ. ಗಾಳಿ 40ಕ್ಕೆ ಇಳಿದರೆ ಮರ 8ರ ಹತ್ತಿರಕ್ಕೆ ಬರುತ್ತೆ. ಹೊಸ ಮರವೋ ಹಳೇ ಮರವೋ ಅಂತ ಗಾಳಿ ಕೇಳಲ್ಲ.

ಇನ್ನೊಂದು ವಿಷಯ ದಿಕ್ಕು. ಮರ ಅಂದರೆ ಸಣ್ಣ ಸಣ್ಣ ಕೊಳವೆಗಳ ಹೊರೆ, ಹುಲ್ಲಿನ ಹೊರೆ ಇದ್ದ ಹಾಗೆ. ಹುಲ್ಲು ನೆನೆದರೆ ದಪ್ಪ ಆಗುತ್ತೆ, ಉದ್ದ ಆಗಲ್ಲ. ಹಲಗೆಯೂ ಅಗಲದಲ್ಲಿ ಹಿಗ್ಗಿ ಕುಗ್ಗುತ್ತೆ. ಉದ್ದದಲ್ಲಿ ಆಗುವುದು ಎಷ್ಟು ಕಮ್ಮಿ ಅಂದರೆ ಟೇಬಲ್ ಕೆಲಸಕ್ಕೆ ಲೆಕ್ಕಕ್ಕೇ ಇಲ್ಲ. ಅಗಲದಲ್ಲೂ ಎರಡು ಬಗೆ. ಮೇಲ್ಮೈಯಲ್ಲಿ ಬೆಟ್ಟದ ಚಿತ್ರದಂತೆ ಗೆರೆ ಬರುವ ಹಲಗೆ ಜಾಸ್ತಿ ಆಡುತ್ತೆ. ನೇರ ಗೆರೆ ಬರುವ ಹಲಗೆ ಅದರ ಅರ್ಧದಷ್ಟು. ತೇಗದಲ್ಲಿ ಮರದ ತೇವ ನೂರಕ್ಕೆ 1 ಇಳಿದರೆ, ಬೆಟ್ಟದ ಗೆರೆಯ ಹಲಗೆ ಒಂದು ಮೀಟರ್ ಅಗಲಕ್ಕೆ ಸುಮಾರು 1.9 ಮಿಲಿಮೀಟರ್ ಕುಗ್ಗುತ್ತೆ, ನೇರ ಗೆರೆಯದು ಸುಮಾರು 1. ನನ್ನ ಟೇಬಲ್‌ನಲ್ಲಿ ಎರಡೂ ಬೆರೆತಿದ್ದವು. ಸೀಳಿದ್ದು ಬೆಟ್ಟದ ಗೆರೆಯವು. ಚೆಂದ ಕಾಣುತ್ತೆ ಅಂತ ನಾನೇ ಆರಿಸಿ ಹಾಕಿದವು.

ಈಗ ಏನಾಯಿತು ಅಂತ ಜೋಡಿಸಿ ನೋಡಿ. ಆರು ಹಲಗೆ ಅಗಲದಲ್ಲಿ ಕುಗ್ಗಬೇಕು. ತುದಿಯ ಅಡ್ಡ ಹಲಗೆಯ ಉದ್ದ ಬದಲಾಗಲ್ಲ. ಇವೆರಡನ್ನೂ ನಾನು ಉದ್ದಕ್ಕೂ ಅಂಟಿಸಿ ಕಟ್ಟಿ ಹಾಕಿದ್ದೆ. ಮಳೆಗಾಲದಲ್ಲಿ ಹಿಗ್ಗಿ ನಿಂತಿದ್ದಾಗ ಕಟ್ಟಿದ್ದು ಬೇರೆ. ಬೇಸಿಗೆಯಲ್ಲಿ ಎಳೆತ ಏರುತ್ತಾ ಏರುತ್ತಾ ಒಂದು ರಾತ್ರಿ ಪಟ್ ಅಂತು. ಅಂಟು ಗಟ್ಟಿ ಇದ್ದದ್ದಕ್ಕೇ ಮರ ಸೀಳಿತು. ಕೆಟ್ಟ ಅಂಟಾಗಿದ್ದರೆ ತುದಿಹಲಗೆ ಬಿಟ್ಟುಕೊಂಡು ಮೇಲ್ಮೈ ಉಳಿಯುತ್ತಿತ್ತೋ ಏನೋ.

ತೇಗ ಕಮ್ಮಿ ಆಡುವ ಮರ ಅಂತಲೇ ಹೆಸರು. ಅದೇ ಹೀಗೆ ಮಾಡಿದ ಮೇಲೆ ಬೇರೆ ಮರ ಕೇಳಬೇಕೇ?

"ಹಂಗಾದ್ರೆ ಪ್ಲೈವುಡ್ಡಲ್ಲೇ ಮಾಡಿಸಬೇಕಿತ್ತಾ?" ಅಂತ ಅಮ್ಮಾವ್ರು ಕೇಳಿದರು. ನ್ಯಾಯವಾದ ಪ್ರಶ್ನೆ. ಪ್ಲೈವುಡ್‌ನಲ್ಲಿ ಒಂದು ಪದರ ಉದ್ದ, ಒಂದು ಪದರ ಅಡ್ಡ ಇಟ್ಟು ಅಂಟಿಸಿರುತ್ತಾರೆ. ಪದರ ತೆಳು ಇರುವುದರಿಂದ ಒಂದು ಇನ್ನೊಂದನ್ನು ಹಿಡಿದು ನಿಲ್ಲಿಸುತ್ತೆ, ಹಾಗಾಗಿ ಆಡಲ್ಲ. ಒಂದೂಕಾಲು ಇಂಚು ದಪ್ಪದ ಹಲಗೆಯನ್ನು ಹಾಗೆ ಹಿಡಿದು ನಿಲ್ಲಿಸಲು ಆಗಲ್ಲ. ಅದನ್ನು ಆಡಲು ಬಿಟ್ಟು, ಆದರೂ ಟೇಬಲ್ ಆಗಿ ನಿಲ್ಲುವಂತೆ ಮಾಡಬೇಕು. ಕೈಗೆಲಸ ಅಂತ ನಾವು ದುಡ್ಡು ಜಾಸ್ತಿ ತೆಗೆದುಕೊಳ್ಳುವುದೇ ಅದಕ್ಕೆ. ಇದನ್ನು ಅವತ್ತು ಹೇಳುವ ಧೈರ್ಯ ಬರಲಿಲ್ಲ.

ರಿಪೇರಿ

ಹೊಟ್ಟು ಕಲಸಿ ತುಂಬುವುದಕ್ಕೆ ನಾನು ಒಪ್ಪಲಿಲ್ಲ. ಮಾರ್ಚ್‌ನಲ್ಲಿ ಬಿರುಕು ಪೂರ್ತಿ ತೆರೆದಿರುತ್ತೆ. ಆಗ ಗಟ್ಟಿ ವಸ್ತು ತುಂಬಿದರೆ ಮಳೆಗಾಲದಲ್ಲಿ ಮರ ಹಿಗ್ಗಲು ಜಾಗ ಸಿಗಲ್ಲ. ತುಂಬಿದ್ದು ಬೆಣೆಯ ಹಾಗೆ ಕೆಲಸ ಮಾಡಿ ಬಿರುಕನ್ನು ಇನ್ನೂ ಒಳಕ್ಕೆ ಓಡಿಸುತ್ತೆ. ಮುಂದಿನ ಶಿವರಾತ್ರಿಗೆ ಮೇಷ್ಟ್ರು ಮತ್ತೆ ಫೋನ್ ಮಾಡುತ್ತಿದ್ದರು.

ಖರ್ಚಿನ ಮಾತು ಬೇಗ ಮುಗಿಯಿತು. ಕೂಲಿ ನನ್ನದು, ಊಟ ಕಾಫಿ ಅವರದು. ಟೇಬಲ್ ಸ್ವಲ್ಪ ಗಿಡ್ಡ ಆಗುತ್ತೆ ಅಂತ ಮೊದಲೇ ಹೇಳಿದೆ. ಒಪ್ಪಿದರು.

ಏಪ್ರಿಲ್‌ನಲ್ಲಿ ಒಬ್ಬ ಹುಡುಗನನ್ನು ಕರೆದುಕೊಂಡು ಹೋಗಿ ಅವರ ಜಗಲಿಯಲ್ಲೇ ಆರು ದಿನ ಕೆಲಸ ಮಾಡಿದೆ. ಮೂಡಿಗೆರೆಗೆ ತರಲಿಲ್ಲ, ಬೇಕಂತಲೇ. ಟೇಬಲ್ ಯಾವ ಗಾಳಿಯಲ್ಲಿ ಇರಬೇಕೋ ಅದೇ ಗಾಳಿಯಲ್ಲಿ ಕೂಡಿಸಬೇಕಿತ್ತು. ಅಷ್ಟರಲ್ಲಿ ಮರದ ತೇವ ನೋಡುವ ಮೀಟರ್ ಒಂದನ್ನು ಕೊಂಡಿದ್ದೆ. ಎರಡು ಸೂಜಿ ಚುಚ್ಚಿದರೆ ಸಂಖ್ಯೆ ತೋರಿಸುತ್ತೆ. ಕಾಫಿ ಮಾರುವಾಗ ಬೇಳೆಯ ತೇವ ನೋಡದೆ ಯಾರೂ ಮೂಟೆ ಮುಟ್ಟಲ್ಲ. ಅದೇ ಊರಲ್ಲಿ ಇಷ್ಟು ವರ್ಷ ನಾನು ಮೀಟರ್ ಇಲ್ಲದೆ ಮರದ ಕೆಲಸ ಮಾಡಿದೆ! ಮೇಷ್ಟ್ರ ಟೇಬಲ್ 9 ತೋರಿಸಿತು. ಮುಂದಿನ ಆಷಾಢದಲ್ಲಿ ಶೆಡ್ಡಿನಲ್ಲಿ ಉಳಿದಿದ್ದ ಅದೇ ಅಟ್ಟದ ಹಲಗೆಗೆ ಚುಚ್ಚಿ ನೋಡಿದೆ. 17. ಅಂದರೆ ನಾನು ಅಂಟಿಸಿದಾಗ ಎಷ್ಟಿತ್ತು ಅಂತ ಊಹೆ ಮಾಡಬಹುದು. 8ರ ವ್ಯತ್ಯಾಸ, ಒಂದು ಮೀಟರ್ ಮೇಲಿನ ಅಗಲ. 11 ಮಿಲಿಮೀಟರ್ ಎಲ್ಲಿಂದ ಬಂತು ಅಂತ ಇನ್ನು ಹುಡುಕಬೇಕಿಲ್ಲ.

ಮೊದಲು ಸ್ಕ್ರೂ ಬಿಚ್ಚಿ ಮೇಲ್ಮೈ ಎತ್ತಿದೆವು. ಬಾಯಿ ಬಿಟ್ಟಿದ್ದ ಕಾಲಿನ ಕಚ್ಚನ್ನು ಬಿಚ್ಚಿ, ಹಳೇ ಅಂಟು ಕೆರೆದು, ಮತ್ತೆ ಕೂರಿಸಿದೆವು. ಎರಡು ತುದಿಯ ಅಡ್ಡ ಹಲಗೆಯನ್ನು ಗರಗಸದಿಂದ ಕೊಯ್ದು ತೆಗೆದು, ಡೌಲ್ ತುಂಡುಗಳು ಹೋಗುವ ತನಕ ಇನ್ನೊಂದು ಇಂಚು ಕತ್ತರಿಸಿದೆವು. ಬಿರುಕು ಇದ್ದ ಎರಡು ಕಡೆ ಉದ್ದಕ್ಕೂ ಸೀಳಿ, ಅಂಚು ಕೀಸಿ ನೇರ ಮಾಡಿ, ಮತ್ತೆ ಅಂಟಿಸಿದೆವು. ಇದರಲ್ಲಿ 14 ಮಿಲಿಮೀಟರ್ ಹೋಗಿ ಅಗಲ 1042ಕ್ಕೆ ಬಂತು. ಹೀಗೆ ಪಕ್ಕಪಕ್ಕ ಅಂಟಿಸುವುದಕ್ಕೆ ಯಾವ ತೊಂದರೆಯೂ ಇಲ್ಲ. ಎಲ್ಲ ಹಲಗೆಯೂ ಒಂದೇ ದಿಕ್ಕಿಗೆ ಒಟ್ಟಿಗೆ ಆಡುತ್ತವೆ. ತಕರಾರು ಬರುವುದು ಅಡ್ಡ ಉದ್ದ ಸೇರುವ ಕಡೆ.

ತುದಿಹಲಗೆ ಮತ್ತೆ ಬೇಕೇ ಬೇಕು ಅಂದಳು ಮಗಳು. ಈ ಸಲ ಅಂಟಿನ ಮೇಲೆ ಭಾರ ಹಾಕಲಿಲ್ಲ. ಮೇಲ್ಮೈಯ ತುದಿಯಲ್ಲಿ ಒಂದೂಕಾಲು ಇಂಚಿನ ನಾಲಿಗೆ ತೆಗೆದೆ. ತುದಿಹಲಗೆಯಲ್ಲಿ ಅದು ಕೂರುವಷ್ಟು ಗ್ರೂವ್. ಸೇರಿಸಿದ ಮೇಲೆ ಕೆಳಗಿನಿಂದ ಮೂರು ಮರದ ಗೂಟ. ನಡುವಿನ ಗೂಟಕ್ಕೆ ನಾಲಿಗೆಯಲ್ಲಿ ದುಂಡು ತೂತು, ಅದರ ಆಚೀಚೆ ನಾಲ್ಕಿಂಚಿಗೆ ಮಾತ್ರ ಅಂಟು. ಎರಡು ಬದಿಯ ಗೂಟಗಳಿಗೆ ನಾಲಿಗೆಯಲ್ಲಿ ಉದ್ದನೆಯ ತೂತು, ಅಂಟಿಲ್ಲ. ಆ ತೂತನ್ನು ಸಣ್ಣ ಉಳಿಯಿಂದ ಅಡ್ಡಕ್ಕೆ ಹಿಗ್ಗಿಸುವುದಕ್ಕೇ ಅರ್ಧ ದಿನ ಹಿಡಿಯಿತು. ಗೂಟ ಹಲಗೆಯನ್ನು ಹಿಡಿದುಕೊಂಡಿರುತ್ತೆ, ಆದರೆ ಮೇಲ್ಮೈ ಎಡಬಲಕ್ಕೆ ಜಾರಬಹುದು. ಕಳಿಸಿದ್ದ ಫೋಟೋದ ಟೇಬಲ್ ಒಳಗೂ ಹೀಗೇ ಏನೋ ಇದ್ದಿರಬೇಕು ಅಂತ ಆಗ ಅನ್ನಿಸಿತು.

ಸ್ಕ್ರೂಗಳ ಜಾಗಕ್ಕೆ ಮರದ ಕೊಕ್ಕೆ ಬಂತು. ಹೆಬ್ಬೆರಳಿನಷ್ಟು ಉದ್ದದ ತುಂಡು, ಒಂದು ತುದಿಯಲ್ಲಿ ಸಣ್ಣ ನಾಲಿಗೆ. ಕೊಕ್ಕೆಯನ್ನು ಮೇಲ್ಮೈಗೆ ಸ್ಕ್ರೂ ಹೊಡೆಯುವುದು, ಅದರ ನಾಲಿಗೆ ಚೌಕಟ್ಟಿನ ಗ್ರೂವ್ ಒಳಗೆ. ಮೇಲ್ಮೈ ಮೇಲಕ್ಕೆ ಏಳಲ್ಲ, ಪಕ್ಕಕ್ಕೆ ಸರಿಯಬಹುದು. ಒಟ್ಟು 10 ಕೊಕ್ಕೆ. ಉದ್ದ ಬದಿಯಲ್ಲಿ ಕೊಕ್ಕೆಯ ಹೆಗಲಿಗೂ ಚೌಕಟ್ಟಿಗೂ ನಡುವೆ 8 ಮಿಲಿಮೀಟರ್ ಸಂದು ಬಿಟ್ಟೆ. ಬೇಸಿಗೆಯಲ್ಲಿ ಕೂಡಿಸುತ್ತಿದ್ದೆವಲ್ಲ, ಮರ ಇನ್ನು ಹಿಗ್ಗಬೇಕೇ ಹೊರತು ಕುಗ್ಗಲ್ಲ. ನಮ್ಮ ಹುಡುಗ ಬಿಗಿಯಾಗಿ ಕೂರಲಿ ಅಂತ ಸಂದು ಮುಚ್ಚಿ ಎರಡು ಕೊಕ್ಕೆ ಹೊಡೆದಿದ್ದ. ಬಿಚ್ಚಿಸಿದೆ. ಯಾಕೆ ಬಿಚ್ಚಬೇಕು ಅಂತ ಕೇಳಿದ. ದೇವರಮನೆ ಬಾಗಿಲ ಹತ್ತಿರ ಕರೆದುಕೊಂಡು ಹೋಗಿ ಪ್ಯಾನೆಲ್ ತಳ್ಳಿಸಿದೆ.

ಪಾಲಿಶ್ ಮೊದಲ ಸಲ ಮೇಲ್ಬದಿಗೆ ಮೂರು ಕೈ, ಕೆಳಬದಿಗೆ ಒಂದೇ ಕೈ ಹೊಡೆದಿದ್ದೆ, ಯಾರು ನೋಡ್ತಾರೆ ಅಂತ. ಈ ಸಲ ಎರಡೂ ಕಡೆ ಸಮ. ಪಾಲಿಶ್ ತೇವವನ್ನು ತಡೆಯಲ್ಲ, ನಿಧಾನ ಮಾಡುತ್ತೆ ಅಷ್ಟೇ. ಎರಡು ಬದಿ ಬೇರೆ ಬೇರೆ ವೇಗದಲ್ಲಿ ಒಣಗಿದರೆ ಹಲಗೆ ದೋಣಿಯಂತೆ ಬಾಗುತ್ತೆ. ಭತ್ತದ ಲೆಕ್ಕದ ಮೇಲೆ ಮಾತ್ರ ತೆಳ್ಳಗೆ ಬಳಿದೆ, ಗೆರೆ ಬೆರಳಿಗೆ ಸಿಗಬೇಕಲ್ಲ.

ಆಮೇಲೆ

7 ಅಡಿಯ ಟೇಬಲ್ ನಾಲ್ಕೂವರೆ ಇಂಚು ಗಿಡ್ಡ ಆಗಿತ್ತು. ಆರು ಕುರ್ಚಿ ಈಗಲೂ ಹಿಡಿಯುತ್ತೆ, ಎಂಟು ಇಟ್ಟರೆ ಮೊಣಕೈ ತಾಗುತ್ತೆ.

ಮೇಷ್ಟ್ರು ಗಣಿತದವರು. ನಾನು ಹೇಳಿದ್ದನ್ನು ನಂಬದೆ ಅಳೆಯಲು ಶುರು ಮಾಡಿದರು. ಒಂದು ಹಳೇ ಹಾಜರಿ ಪುಸ್ತಕದಲ್ಲಿ ಪ್ರತಿ ತಿಂಗಳ ಒಂದನೇ ತಾರೀಖು ನಡುವಿನ ಅಗಲ ಬರೆಯುತ್ತಾರೆ. ಏಪ್ರಿಲ್‌ನಲ್ಲಿ 1042 ಇದ್ದದ್ದು ಆಗಸ್ಟ್‌ನಲ್ಲಿ 1047 ಆಯಿತು. ಆ ಸಲ ನಾನು ಹೋದಾಗ ಮೀಟರ್ 13 ತೋರಿಸಿತು. ತುದಿಹಲಗೆ ಈಗ ಒಳಗೆ ಸರಿದಂತೆ ಕಾಣುತ್ತಿತ್ತು, ಎರಡೂ ಬದಿ ಎರಡೂವರೆ ಮಿಲಿಮೀಟರ್. ಕೆಳಗೆ ಕೊಕ್ಕೆಗಳ ಸಂದು 8 ಇದ್ದದ್ದು ಐದೂವರೆಗೆ ಇಳಿದಿತ್ತು. ಬಿರುಕು ಎಲ್ಲೂ ಇಲ್ಲ. ದೀಪಾವಳಿ ಕಳೆದ ಮೇಲೆ ಮತ್ತೆ ಕುಗ್ಗಲು ಶುರು.

ಅದೇ ಹಬ್ಬದ ಫೋಟೋ ತೋರಿಸಿ ಹಿಡಿದಿದ್ದ ಎರಡು ಆರ್ಡರ್ ಇದ್ದವಲ್ಲ, ಅವನ್ನೂ ಹಳೇ ರೀತಿಯಲ್ಲೇ ಮಾಡಿ ಕೊಟ್ಟಾಗಿತ್ತು. ಒಂದು ಮೂಡಿಗೆರೆಯಲ್ಲೇ ಇದೆ, ಇನ್ನೂ ಸೀಳಿಲ್ಲ. ಆದರೂ ಹೋಗಿ ಸ್ಕ್ರೂ ಬಿಚ್ಚಿ ಕೊಕ್ಕೆ ಹಾಕಿ ಬಂದೆ. ಇನ್ನೊಂದು ಅರಸೀಕೆರೆಗೆ ಹೋಗಿತ್ತು. ಫೋನ್ ಮಾಡಿ ನಾನಾಗೇ ಹೇಳಿದೆ. ಚೆನ್ನಾಗಿರೋ ಟೇಬಲ್ ಯಾಕೆ ಬಿಚ್ಚಬೇಕು ಅಂತ ಅವರಿಗೆ ಅನುಮಾನ. ಬೇಸಿಗೆಗೆ ಮುಂಚೆ ಬನ್ನಿ ನೋಡೋಣ ಅಂದಿದ್ದಾರೆ.

ಮೇಷ್ಟ್ರಿಗೆ ಟೇಬಲ್ ಈಗ ಆಟದ ಸಾಮಾನು. ಅಮ್ಮಾವ್ರಿಗೆ ಮಾತ್ರ ಪೂರ್ತಿ ಸಮಾಧಾನ ಇಲ್ಲ. ಮೇಲ್ಮೈ ತುದಿಹಲಗೆಗಿಂತ ಹೊರಗೆ ಚಾಚುವ ತಿಂಗಳುಗಳಲ್ಲಿ ಒರೆಸುವ ಬಟ್ಟೆ ಮೂಲೆಗೆ ಸಿಕ್ಕಿ ನೂಲು ಕೀಳುತ್ತಂತೆ. ಹೋದ ವಾರ ಆ ಕಡೆ ಹೋಗಿದ್ದಾಗ ನಾಲ್ಕು ಮೂಲೆಯ ಅಂಚನ್ನೂ ಕೀಸುಳಿಯಿಂದ ಮುರಿದು, ಕಾಗದ ಉಜ್ಜಿ ದುಂಡು ಮಾಡಿ ಕೊಟ್ಟೆ. ಅವರು ಬಟ್ಟೆ ತಂದು ನನ್ನ ಎದುರೇ ಒರೆಸಿ ನೋಡಿದರು. ಮೂರು ಮೂಲೆ ಸಲೀಸಾಗಿ ಹೋಯಿತು. ನಾಲ್ಕನೆಯದರಲ್ಲಿ ಇನ್ನೂ ಸ್ವಲ್ಪ ಹಿಡಿಯುತ್ತಿತ್ತು. ಮತ್ತೆ ಕಾಗದ ಕೈಗೆ ತಗೊಂಡೆ.